ಮಳೆ ನಕ್ಷತ್ರದ ಲೆಕ್ಕ ತಪ್ಪಿದಾಗ

ಕರ್ನಾಟಕದ ರೈತರ ಪಂಚಾಂಗದಲ್ಲಿ ಮಳೆಗೆ ಹೆಸರುಗಳಿವೆ. ಏಪ್ರಿಲ್ ಕೊನೆಯ ಭರಣಿಯಿಂದ ನವೆಂಬರಿನ ವಿಶಾಖದವರೆಗೆ, ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು–ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ, ಒಂದೊಂದು ಮಳೆಗೂ ಒಂದೊಂದು ಕೆಲಸ. ಭರಣಿ, ಕೃತ್ತಿಕೆಗೆ ಉಳುಮೆ. ಮೃಗಶಿರಾಕ್ಕೆ ಮುಂಗಾರು ಕಾಲಿಡಬೇಕು. ಆರಿದ್ರಾ, ಪುನರ್ವಸುವಿಗೆ ಬಯಲುಸೀಮೆಯ ಹೊಲ, ಮಲೆನಾಡಿನ ಸಸಿಮಡಿ ಸಿದ್ಧವಾಗಬೇಕು. ಪುಷ್ಯ, ಆಶ್ಲೇಷದಲ್ಲಿ ತುಂಗೆ, ಭದ್ರೆ, ಕಾವೇರಿ ತುಂಬಿ ಹರಿಯಬೇಕು. ಉತ್ತರೆ, ಹಸ್ತದ ಹದಕ್ಕೆ ವಿಜಯಪುರದ ಎರೆಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ಆಗಬೇಕು. ಎಷ್ಟೋ ತಲೆಮಾರು ನೋಡಿ ನೋಡಿ ಕಟ್ಟಿದ ಲೆಕ್ಕ ಇದು. ನಕ್ಷತ್ರಗಳು ಈಗಲೂ ಅದೇ ತಾರೀಖಿಗೆ ಬರುತ್ತಿವೆ. ಮಳೆ ಹಾಗೆ ಬರುತ್ತಿಲ್ಲ. ಬಂದರೂ ಎರಡು ನಕ್ಷತ್ರದ ಮಳೆ ಎರಡೇ ದಿನದಲ್ಲಿ ಸುರಿದು ಹೋಗುತ್ತದೆ.

2023ರ ಜೂನ್‌ನಲ್ಲಿ ಮುಂಗಾರು ಸೊರಗಿತು, ಜುಲೈನಲ್ಲಿ ಸುರಿಯಿತು, ಆಗಸ್ಟ್‌ನಲ್ಲಿ ಮಾಯವಾಯಿತು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ದಾಖಲೆಯಲ್ಲಿ ರಾಜ್ಯ ಕಂಡ ಅತಿ ಒಣ ಆಗಸ್ಟ್ ಅದು. 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಜುಲೈ ಮಳೆಯ ಹಸಿಗೆ ಪೈರು ನೋಡಲು ಹಸಿರಾಗಿಯೇ ಇತ್ತು, ತೆನೆಯಲ್ಲಿ ಮಾತ್ರ ಕಾಳು ಕಟ್ಟಲಿಲ್ಲ. ಅದಕ್ಕೆ ‘ಹಸಿರು ಬರ’ ಎಂಬ ಹೆಸರು ಬಂತು. ಮರುವರ್ಷ ಜುಲೈ 16ರಂದು, ಎಡೆಬಿಡದ ಮಳೆಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಅಂಗಡಿಯನ್ನೂ ಅಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಅದಕ್ಕೂ ಹಿಂದೆ, 2018–19ರ ಬರದಲ್ಲಿ ಮೇವಿಗೆ ಪರದಾಡಿದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮುಳುಗಿಸಿದ್ದವು. ಬರ ಮತ್ತು ನೆರೆ ಬೇರೆ ಬೇರೆ ಸೀಮೆಯ ಕಷ್ಟಗಳಾಗಿ ಉಳಿದಿಲ್ಲ. ಅವು ಒಂದೇ ಊರಿಗೆ ಸರದಿಯಲ್ಲಿ ಬರುತ್ತಿವೆ.

ಇದರ ಹಿಂದಿನ ಭೌತಶಾಸ್ತ್ರ ಕಠಿಣವೇನಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸುರಿಯುವಾಗ ಅಷ್ಟೂ ನೀರು ಒಮ್ಮೆಲೇ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ, 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ; 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ; ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ತಗ್ಗಿದೆ. ಮಳೆ ಎದ್ದು ಕಾಣುವಂತೆ ಕಡಿಮೆಯಾದ ಪ್ರದೇಶಗಳಲ್ಲಿ ಗಂಗಾ ಬಯಲಿನ ಜೊತೆಗೆ ಪಶ್ಚಿಮ ಘಟ್ಟವೂ ಇದೆ. ಒಟ್ಟು ಮಳೆ ತಗ್ಗಿದರೂ ಒಂದೇ ದಿನದ ಭಾರಿ ಮಳೆ ಹೆಚ್ಚಬಹುದು ಎನ್ನುವುದು ಮೇಲ್ನೋಟಕ್ಕೆ ವಿಚಿತ್ರ. ಹೊಲದಲ್ಲಿ ನಿಂತವರಿಗೆ ಅದು ಚೆನ್ನಾಗಿಯೇ ಗೊತ್ತು.

ಆದ್ದರಿಂದ ಕರ್ನಾಟಕದ ಮಟ್ಟಿಗೆ ಹವಾಮಾನ ಬದಲಾವಣೆ ಮೊದಲು ಮಳೆಯ ವೇಳಾಪಟ್ಟಿಯ ಸಂಗತಿ. ವರ್ಷದ ಕೊನೆಗೆ ಮೊತ್ತ ಕೂಡಿ ‘ವಾಡಿಕೆ ಮಳೆ’ ಎಂದು ಬರೆದುಕೊಂಡರೆ ನಷ್ಟವೇ ಕಾಣುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಇನ್ನೂರು ಕಿ.ಮೀ. ಒಳಗಿರುವ ಚಳ್ಳಕೆರೆ ಸುತ್ತ 500 ಮಿ.ಮೀ. ಬಿದ್ದರೆ ಒಳ್ಳೆಯ ವರ್ಷ. ಇಷ್ಟು ಹತ್ತಿರದಲ್ಲಿ ಇಷ್ಟು ಅಂತರವಿರುವ ನಾಡಿಗೆ ಒಂದೇ ಮದ್ದು ಬರೆಯಲಾಗದು.

ಹೂಮಳೆಯ ಕಾಯುವಿಕೆ

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ. ಮನೆಯಂಗಳದ ಮಳೆಮಾಪಕವನ್ನು ಬೆಳಿಗ್ಗೆ ನೋಡಿ ಪುಸ್ತಕದಲ್ಲಿ ಬರೆದಿಡುವುದು ಅಜ್ಜನ ಕಾಲದಿಂದ ಬಂದ ರೂಢಿ. ಪಕ್ಕದ ತೋಟದವರು ಸಿಕ್ಕರೆ ಮೊದಲ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?’ ಕಾಫಿಯಂಥ ಬೆಳೆಗೆ ಈ ಲೆಕ್ಕ ಬೇಕೇ ಬೇಕು. ರೊಬಸ್ಟಾ ಗಿಡದ ಮೊಗ್ಗು ಒಣ ಹವೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಫೆಬ್ರುವರಿ–ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಮಳೆ ಬಿದ್ದರೆ ವಾರ–ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗಿ ಘಮ್ಮೆನ್ನುತ್ತದೆ. ಅದು ಹೂಮಳೆ. ಮೂರು ವಾರದ ಆಸುಪಾಸಿನಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಅದಕ್ಕೆ ತೋಟದ ಮಾತಿನಲ್ಲಿ ‘ಬ್ಯಾಕಿಂಗ್ ಮಳೆ’.

ಹೂಮಳೆ ಬರಿಯ ಇಪ್ಪತ್ತು–ಮೂವತ್ತು ಸೆಂಟಿಗೆ ನಿಂತರೆ ಮೊಗ್ಗು ಅರ್ಧ ಎದ್ದು ಸುಟ್ಟುಹೋಗುತ್ತದೆ. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಜನವರಿಯಲ್ಲೇ ಬಂದರಂತೂ ಎರಡು ಪಟ್ಟು ಸಂಕಟ: ಹಣ್ಣು ಇನ್ನೂ ಗಿಡದಲ್ಲಿ, ಕೊಯ್ದದ್ದು ಕಣದಲ್ಲಿ ಒಣಗುತ್ತಿದೆ, ಅದರ ನಡುವೆ ಅಕಾಲದ ಹೂ. ಕೊಯ್ಲಿನ ಆಳು ಹೂವನ್ನು ಉದುರಿಸದೆ ಹಣ್ಣು ಕೀಳುವುದು ಹೇಗೆ? ಮುಂದೆ ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಡದೆ ಹೊಡೆದರೆ ಬೇರಿಗೆ ಉಸಿರಾಡಲಾಗದೆ ಕಾಯಿ ಉದುರುತ್ತದೆ, ಎಲೆ ಕೊಳೆಯುತ್ತದೆ. ಕಾಫಿಯ ಈ ಕೊಳೆಯನ್ನು ತರುವ ಶಿಲೀಂಧ್ರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಟ್ಟ ವೈಜ್ಞಾನಿಕ ಹೆಸರಿನಲ್ಲೇ ‘ಕೊಳೆರೋಗ’ ಎಂಬ ಕನ್ನಡ ಪದ ಸೇರಿಕೊಂಡಿದೆ. ಈ ಸೀಮೆಗೂ ಈ ರೋಗಕ್ಕೂ ಇರುವ ನಂಟು ಅಷ್ಟು ಹಳೆಯದು.

ನೀರಿರುವವರು ಸ್ಪ್ರಿಂಕ್ಲರ್ ಹಚ್ಚಿ ಹೂಮಳೆಯನ್ನು ತಾವೇ ಸುರಿಸುತ್ತಾರೆ. ರೊಬಸ್ಟಾ ತೋಟಗಳಲ್ಲಿ ಇದು ಈಗ ಮಾಮೂಲು. ಆದರೆ ಎಲ್ಲರ ಪಂಪೂ ಒಂದೇ ವಾರದಲ್ಲಿ ಹೊಳೆಗೆ ಇಳಿದರೆ ಫೆಬ್ರುವರಿಯ ಹೊಳೆ ತಡೆದೀತೇ? ಮಳೆಗಾಲದಲ್ಲಿ ತೋಟದ ತಗ್ಗಿನ ಕೆರೆ ತುಂಬಿಸಿಟ್ಟುಕೊಂಡವರಿಗೆ ಮಾತ್ರ ಈ ದಾರಿ ನೆಚ್ಚಿಗೆಯದು. ಅರೇಬಿಕಾದ ಕಥೆ ಬೇರೆ. ನೆರಳು ತೆಳುವಾಗಿ ಬಿಸಿಲು ನೇರ ಬಿದ್ದ ಗಿಡಕ್ಕೆ ಬಿಳಿ ಕಾಂಡಕೊರಕ ಮುತ್ತುತ್ತದೆ. ಬೇಸತ್ತ ಬೆಳೆಗಾರರು ರೊಬಸ್ಟಾಕ್ಕೆ ಹೊರಳಿದರು. ಹಲಸು, ಅತ್ತಿ, ಮತ್ತಿ, ನಂದಿಯಂಥ ಕಾಡುಮರ ತೆಗೆದು ಬೇಗ ಹಣ ತರುವ ಸಿಲ್ವರ್ ಓಕ್ ನೆಟ್ಟ ತೋಟಗಳು ಬಿಸಿಲಿಗೆ ಮೊದಲು ಸೋಲುತ್ತವೆ. ಎರಡು ಅಂತಸ್ತಿನ ಮಿಶ್ರ ನೆರಳು ತೋಟದೊಳಗಿನ ಕಾವು ಇಳಿಸುತ್ತದೆ, ತರಗೆಲೆಯ ಹೊದಿಕೆ ತೇವ ಕಾಯುತ್ತದೆ, ಮರಕ್ಕೆ ಹಬ್ಬಿದ ಮೆಣಸು ಕಾಫಿ ಕೈಕೊಟ್ಟ ವರ್ಷ ಮನೆ ನಡೆಸುತ್ತದೆ. ಹಳಬರು ಅಭ್ಯಾಸಬಲದಿಂದ ಮಾಡಿದ್ದು ಇವತ್ತಿಗೂ ಅತ್ಯಂತ ಅಗ್ಗದ ರಕ್ಷಣೆ.

ಅಡಿಕೆಯಲ್ಲಿ ಹೊಳವೇ, ಎಂದರೆ ಮಳೆಯ ನಡುವಿನ ಬಿಡುವೇ, ಮುಖ್ಯ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಸಂಸ್ಥಾನದ ಕೆಲಸಕ್ಕೆ ಸೇರಿ 1910ರಲ್ಲೇ ಈ ರೋಗದ ಅಧ್ಯಯನ ಪ್ರಕಟಿಸಿದ ವಿಜ್ಞಾನಿ ಅವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು – ಶೇ 1ರ ಆ ಪಾಕ ಇಂದಿಗೂ ಬದಲಾಗಿಲ್ಲ. ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಬೆರೆಸಬೇಕು. ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು ನಲವತ್ತು–ನಲವತ್ತೈದು ದಿನದ ಮೇಲೆ. ಕಷ್ಟವಿರುವುದು ಈ ಎರಡನೆಯದರಲ್ಲೇ. ಮರ ಒಣಗಲು ನಾಲ್ಕು ತಾಸಿನ ಹೊಳವಾದರೂ ಬೇಕು. ಮುಂಚೆ ಆಶ್ಲೇಷ ಮಳೆಯ ಅಬ್ಬರದ ನಡುವೆಯೂ ಅಂಥ ಹೊಳವು ಸಿಗುತ್ತಿತ್ತು. ಈಗ ಹದಿನೈದು ದಿನ ಬಿಸಿಲು, ಆಮೇಲೆ ಹದಿನೈದು ದಿನ ಜಡಿಮಳೆ. ಪಾಚಿಗಟ್ಟಿದ ಮರ ಹತ್ತಲು ಕೊನೆಗಾರ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನೆಲದಲ್ಲೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಈ ಕಾರಣಕ್ಕೆ ಬೇಗ ಹರಡಿತು. ಗೊನೆಗೆ ಕೊಟ್ಟೆ ಕಟ್ಟುವ ಹಳೆಯ ಪದ್ಧತಿಯನ್ನೂ ಕೆಲವರು ಮತ್ತೆ ಹಿಡಿದಿದ್ದಾರೆ.

ಇದರ ಮೇಲೆ ಎಲೆಚುಕ್ಕಿ ರೋಗ ಬಂತು. ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಹಸಿರು ಹೆಡೆಗಳು ಕಂದು ಚುಕ್ಕಿಯಾಗಿ, ಸುಟ್ಟಂತಾಗಿ ಬಾಗಿದವು. ಇದೂ ತೇವದಲ್ಲಿ ಹಬ್ಬುವ ಶಿಲೀಂಧ್ರ ರೋಗ. ಗಾಳಿ, ಮಳೆಹನಿಯಲ್ಲಿ ತೋಟದಿಂದ ತೋಟಕ್ಕೆ ಸಾಗುವುದರಿಂದ ಒಬ್ಬರು ಔಷಧ ಹೊಡೆದು ಪಕ್ಕದವರು ಬಿಟ್ಟರೆ ಪ್ರಯೋಜನವಿಲ್ಲ; ಇಡೀ ಕಣಿವೆ ಒಟ್ಟಿಗೆ ಕೈಹಾಕಬೇಕು. ಬಿದ್ದ ಸೋಗೆ ತೆಗೆದು ಸುಡುವುದು, ಬಸಿಗಾಲುವೆ ಆಳ ಮಾಡುವುದು, ಗಾಳಿ–ಬೆಳಕು ಆಡುವಂತೆ ಮಾಡುವುದು ದುಬಾರಿ ಕೆಲಸಗಳಲ್ಲ, ಆದರೆ ಆಳು ಬೇಡುತ್ತವೆ. ಎಕರೆ, ಎರಡೆಕರೆಯ ಸಣ್ಣ ಹಿಡುವಳಿದಾರರು ಹಿಂದೆ ಬೀಳುವುದು ಇಲ್ಲೇ.

ಗುಡ್ಡ ಯಾಕೆ ಜಾರುತ್ತದೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಸುತ್ತ ಗುಡ್ಡಗಳು ಒಂದರ ಹಿಂದೊಂದು ಕುಸಿದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿ. ಮಳೆಯೊಂದನ್ನೇ ದೂರಿದರೆ ಅರ್ಧ ಸತ್ಯ ಹೇಳಿದಂತೆ. ಘಟ್ಟದ ಮೇಲ್ಮಣ್ಣು ಬಲು ಆಳ. ಸಾವಿರಾರು ವರ್ಷಗಳಿಂದ ಬಂಡೆ ಕರಗಿ ಆದ ಮಣ್ಣು. ಅದು ನಿಂತಿರುವುದು ತನ್ನ ಇಳಿಜಾರಿನ ಸಮತೋಲದ ಮೇಲೆ, ಬೇರುಗಳ ಹಿಡಿತದ ಮೇಲೆ. ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಜೆಸಿಬಿ ಹಚ್ಚಿ ಗುಡ್ಡದ ಬುಡವನ್ನು ಗೋಡೆಯಂತೆ ನೇರ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಸಹಜ ತೊರೆಯ ದಾರಿಗೆ ಮಣ್ಣು ಸುರಿದರೆ ನೀರು ಒಳಗೇ ನಿಂತು ಭಾರವಾಗುತ್ತದೆ. ಆ ಹೊತ್ತಿಗೆ ಎರಡು ದಿನದಲ್ಲಿ ಮೂರು ವಾರದ ಮಳೆ ಬಂದರೆ ಸಾಕು. ಶಿರೂರಿನಲ್ಲೂ ಕುಸಿದದ್ದು ಹೆದ್ದಾರಿ ಅಗಲ ಮಾಡಲು ಬುಡ ಕಡಿದ ಗುಡ್ಡವೇ.

ಗುಡ್ಡ ಜಾರುವ ಮೊದಲು ಸುಳಿವು ಕೊಡುತ್ತದೆ. ನೆಲದಲ್ಲಿ ಉದ್ದುದ್ದ ಬಿರುಕು, ಓರೆಯಾದ ಮರ ಮತ್ತು ವಿದ್ಯುತ್ ಕಂಬ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯುವುದು, ಎಂದೂ ನೀರಿರದ ಜಾಗದಲ್ಲಿ ಜಲ ಏಳುವುದು. ಇವನ್ನು ಗುರುತಿಸಿ ಆ ರಾತ್ರಿಯೇ ಮನೆ ಖಾಲಿ ಮಾಡುವಂತೆ ಹೇಳಬಲ್ಲ ನಾಲ್ಕು ಜನ ಪ್ರತಿ ಊರಿನಲ್ಲೂ ತರಬೇತಾಗಿರಬೇಕು. ಮಳೆನೀರು ಇಂಗಿಸುವ ಉತ್ಸಾಹಕ್ಕೂ ಇಲ್ಲಿ ಎಚ್ಚರ ಬೇಕು. ಬಯಲಿನಲ್ಲಿ ವರವಾಗುವ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ಶಾಪವಾದೀತು. ಅಲ್ಲಿ ನೀರನ್ನು ನಿಧಾನವಾಗಿ ಬಸಿದು ಕೆಳಗಿಳಿಸಬೇಕು, ಬದುವಿಗೆ ಲಾವಂಚದಂಥ ಆಳಬೇರಿನ ಹುಲ್ಲು ನೆಡಬೇಕು.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಲು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ, ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ವರದಿ ಕೊಟ್ಟವು. ಕೇಂದ್ರದ ಕರಡು ಅಧಿಸೂಚನೆಗಳಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ರಾಜ್ಯ ಅದನ್ನು ಮತ್ತೆ ಮತ್ತೆ ತಿರಸ್ಕರಿಸಿದೆ. ದನದ ಕೊಟ್ಟಿಗೆ ಕಟ್ಟಲೂ ಅನುಮತಿ ಬೇಕಾದೀತು ಎಂಬ ಊರವರ ಅಂಜಿಕೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಆ ಅಂಜಿಕೆ ನೀಗುವಂತೆ ಗ್ರಾಮಸಭೆಯಲ್ಲಿ ಕೂತು, ಕನ್ನಡದಲ್ಲಿ, ಸರ್ವೆ ನಂಬರ್ ಇಟ್ಟುಕೊಂಡು ಮಾತಾಡುವ ಕೆಲಸ ನಡೆಯಲೇ ಇಲ್ಲ. ವರದಿಗಳು ಬಂದ ಮೇಲಿನ ವರ್ಷಗಳಲ್ಲಿ ಗುಡ್ಡ ಕಡಿಯುವುದು ಮಾತ್ರ ನಿಲ್ಲಲಿಲ್ಲ. ಕೊಡಗಿನ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು, ಸಾಗರ–ಸೊರಬದ ಕಾನು, ಶಿರಸಿ–ಸಿದ್ದಾಪುರದ ಸೊಪ್ಪಿನ ಬೆಟ್ಟ ಮತ್ತು ಕಾಡುಜಾಯಿಯ ಜೌಗುಗಳು ಬೇಸಿಗೆಯಲ್ಲೂ ತೊರೆಯನ್ನು ಜೀವಂತ ಇಡುವ ತಾಣಗಳು. ಊರವರೇ ಕಾದುಕೊಂಡು ಬಂದ ಇವುಗಳ ಗಡಿ ಗುರುತಿಸಿ ಉಳಿಸಿಕೊಳ್ಳಲು ಯಾವ ಅಧಿಸೂಚನೆಗೂ ಕಾಯಬೇಕಿಲ್ಲ.

ಕರಾವಳಿಯ ಉಪ್ಪು, ಮಾಣಿಕಟ್ಟಾದ ಕಗ್ಗ

ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಗಿಂತ ಶಾಂತ ಎಂಬ ಮಾತು ಹಳೆಯದಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮಂಗಳೂರಿನಿಂದ ಕಾರವಾರದವರೆಗೆ ದಡವನ್ನು ಬಡಿದುಹೋಯಿತು. ಉಳ್ಳಾಲ, ಸೋಮೇಶ್ವರ, ಮರವಂತೆಯಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಭಯ. ಸುರಿದ ಬಂಡೆ ಒಂದು ಕಡೆ ದಡ ಉಳಿಸಿದರೆ ಅಲೆ ಪಕ್ಕದ ಜಾಗವನ್ನು ಕೊರೆಯುತ್ತದೆ. ನೈರುತ್ಯ ಕರಾವಳಿಯ ಮೀನೆಂದೇ ಹೆಸರಾದ ಬೂತಾಯಿ ನೀರು ಬಿಸಿಯಾದಂತೆ ಬಡಗಣ ಗುಜರಾತಿನವರೆಗೂ ಕಾಣಿಸಿಕೊಂಡಿದೆ. ಜೂನ್–ಜುಲೈನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ 61 ದಿನ ಮುಗಿಸಿ ಕಡಲಿಗಿಳಿದ ದೋಣಿ ಒಂದು ವರ್ಷ ತುಂಬಿ ಬರುತ್ತದೆ, ಇನ್ನೊಂದು ವರ್ಷ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ.

ಸಮುದ್ರ ಮಟ್ಟ ಏರಿದಂತೆ ಅಳಿವೆಯ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ಇದಕ್ಕೆ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ಬಹು ಹಿಂದೆಯೇ ಒಂದು ಉತ್ತರ ಹುಟ್ಟಿದೆ. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದ್ದರೂ ಸಾಯುವುದಿಲ್ಲ. ಮೊಳಕೆ ಬಂದ ಬೀಜವನ್ನು ಕೆಸರಿಗೆ ಚೆಲ್ಲುತ್ತಾರೆ, ಗೊಬ್ಬರವಿಲ್ಲ, ಔಷಧವಿಲ್ಲ. ಆಳೆತ್ತರ ಬೆಳೆದ ಪೈರಿನ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟರೆ ಅದು ಮೀನು, ಸಿಗಡಿಗೆ ಆಹಾರ. ಇಳುವರಿ ಕಡಿಮೆಯೆಂದು, ಸಿಗಡಿ ಸಾಕಣೆಗೆ ಹೆಚ್ಚು ಬೆಲೆಯೆಂದು ಕಗ್ಗದ ಗದ್ದೆಗಳು ಕುಗ್ಗುತ್ತ ಬಂದಿವೆ. ಗಜನಿಯ ಕಟ್ಟೆಗಳನ್ನು ದುರಸ್ತಿ ಮಾಡಿ, ಈ ಅಕ್ಕಿಗೆ ಹೆಸರು ಹಿಡಿದು ಕೊಳ್ಳುವ ಮಾರುಕಟ್ಟೆ ಒದಗಿಸದಿದ್ದರೆ, ಮುಂದೆ ಬೇಕೇ ಬೇಕಾಗುವ ತಳಿಯೊಂದು ಗದ್ದೆಯಿಂದ ಮಾಯವಾಗುತ್ತದೆ. ಗದ್ದೆಯಾಚೆ, ಅಳಿವೆಯ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಕೆಲಸ ಕುಂದಾಪುರ, ಹೊನ್ನಾವರದ ಕಡೆ ನಡೆದಿದೆ. ಕಲ್ಲಿನ ಗೋಡೆಗಿಂತ ಕಾಂಡ್ಲಾ ಕಾಡು ಅಲೆಯ ಹೊಡೆತವನ್ನು ಮೆತ್ತಗೆ ತಡೆಯುತ್ತದೆ, ಜೊತೆಗೆ ಮೀನಿಗೆ ಮರಿ ಮಾಡುವ ಜಾಗ ಕೊಡುತ್ತದೆ.

ಒಂದು ಇಂಚು, ಒಂದು ಲಕ್ಷ ಲೀಟರ್

ರಾಜಸ್ಥಾನ ಬಿಟ್ಟರೆ ಬರಕ್ಕೆ ತುತ್ತಾಗುವ ಒಣಭೂಮಿ ಹೆಚ್ಚಿರುವುದು ಕರ್ನಾಟಕದಲ್ಲೇ. ಇಲ್ಲಿಯ ರೈತರಿಗೆ ಮಳೆಯ ಅನಿಶ್ಚಿತತೆ ಹೊಸದಲ್ಲ. ಹೊಲದ ವಿನ್ಯಾಸದಲ್ಲೇ ಅದಕ್ಕೆ ಜಾಗವಿತ್ತು. ಕೋಲಾರ, ತುಮಕೂರಿನ ಅಕ್ಕಡಿ ಸಾಲು ಅದರ ಒಳ್ಳೆಯ ಮಾದರಿ. ಆರೆಂಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು. ಅಂಚಿಗೆ ಹರಳು, ಜೋಳ. ರಾಗಿಗೆ ಬೇಕಾದ ಮಳೆ ತಪ್ಪಿದರೆ ಆಳ ಬೇರಿನ ತೊಗರಿ ಉಳಿಯುತ್ತದೆ, ಹಿಂಗಾರಿನ ಇಬ್ಬನಿಗೆ ಅವರೆ ಚಿಗುರುತ್ತದೆ, ಏನಿಲ್ಲದಿದ್ದರೂ ದನಕ್ಕೆ ಮೇವಾಗುತ್ತದೆ. ಹಾವೇರಿ ಸೀಮೆಯ ಗುಳಿ ರಾಗಿಯದು ಇನ್ನೊಂದು ಜಾಣ್ಮೆ: ಗುಳಿಯಲ್ಲಿ ಅಂತರ ಬಿಟ್ಟು ಸಸಿ ನೆಟ್ಟು, ಬೇರು ಹಿಡಿದ ಮೇಲೆ ಸಾಲಿನ ಮೇಲೆ ಕೊರಡು ಹೊಡೆಯುತ್ತಾರೆ. ಬಾಗಿದ ಸಸಿ ಹೊಸ ತೆಂಡೆ ಒಡೆಯುತ್ತದೆ. ನಾಟಿ ಪದ್ಧತಿಗೆ ಇನ್ನೊಂದು ಲಾಭವೂ ಇದೆ – ಮಳೆ ಹಿಂದೆ ಬಿದ್ದರೆ ಪೈರು ಮಡಿಯಲ್ಲಿ ಕಾಯಬಲ್ಲದು.

ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ಸರಣಿ ರೂಪಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಪಿಯು–28 ಬೆಂಕಿರೋಗ ತಡೆದು ದಶಕಗಳ ಕಾಲ ಹೊಲ ಆಳಿತು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಇಂಥ ಬೆಳೆಯಿರುವ ನಾಡಿನಲ್ಲಿ ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಒಣಹೊಲಕ್ಕೆ ಕೊಳವೆಬಾವಿ ನೆಚ್ಚಿಕೊಂಡು ಅಡಿಕೆ ಬಂದಿದೆ. ಬೆಲೆ ನೋಡಿ ನೆಟ್ಟವರನ್ನು ಹಳಿಯಲಾಗದು. ಆದರೆ ರಾಗಿ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಎಂಟು ವರ್ಷ ಸಾಕಿದ ಅಡಿಕೆ ಮರ ಬಾವಿ ಬತ್ತಿದ ಒಂದೇ ಬೇಸಿಗೆಯಲ್ಲಿ ಚಂಡೆ ಬಾಡುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡ ಕುಟುಂಬಗಳ ಸಾಲದ ಲೆಕ್ಕ ಇನ್ನೂ ಮುಗಿದಿಲ್ಲ.

ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಬೀಳುವ ಊರಿನಲ್ಲಿ ಎಕರೆಯೊಂದರ ಮೇಲೆ ಇಪ್ಪತ್ನಾಲ್ಕು ಲಕ್ಷ ಲೀಟರ್ ಸುರಿಯುತ್ತದೆ. ಹತ್ತು ಮೀಟರ್ ಉದ್ದಗಲ, ಮೂರು ಮೀಟರ್ ಆಳದ ಹೊಂಡ ಹಿಡಿಯುವುದು ಮೂರು ಲಕ್ಷ ಲೀಟರ್. ಆವಿಯಾಗಿ ಹೋದದ್ದನ್ನು ಕಳೆದರೂ, ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದೆಕರೆಗೆ ಎರಡು ಸಲ ನೀರು ಹಾಯಿಸಬಹುದು. 2023ರ ಆಗಸ್ಟ್‌ನಲ್ಲಿ ಬೇಕಾಗಿದ್ದುದು ಇಷ್ಟೇ. 2014–15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹಿಂದಿನ ವಿಚಾರವೂ ಇದೇ. ತಳದ ಪ್ಲಾಸ್ಟಿಕ್ ಹಾಳೆ ಹರಿದು ನೀರು ನಿಲ್ಲದ ಹೊಂಡ, ಬೇಲಿಯಿಲ್ಲದೆ ಮಕ್ಕಳು ಬಿದ್ದ ಹೊಂಡ – ಈ ದೋಷಗಳು ನಿಜ. ಅವು ಉಸ್ತುವಾರಿಯ ದೋಷಗಳು, ವಿಚಾರದ್ದಲ್ಲ.

ಹೊಂಡಕ್ಕಿಂತ ದೊಡ್ಡ ಆಸ್ತಿ ಕೆರೆ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವ ಸರಣಿಯಲ್ಲಿ ಬಿರುಮಳೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ತೂಬಿನ ಕೀಲಿ ನೀರುಗಂಟಿಯ ಕೈಯಲ್ಲಿರುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಮಾತು. ಬೇಸಿಗೆಯಲ್ಲಿ ಗೋಡುಮಣ್ಣು ಗಾಡಿ ಗಾಡಿ ಹೊಲಕ್ಕೆ ಹೋಗುತ್ತಿತ್ತು, ಕೆರೆಗೆ ಆಳ, ಹೊಲಕ್ಕೆ ಸತ್ವ. ಈಗ ರಾಜಕಾಲುವೆ ಒತ್ತುವರಿಯಾಗಿ ಕೆರೆಗೆ ನೀರೇ ಬರದ ಕಡೆ ಹೂಳು ತೆಗೆದು ಸುತ್ತ ನಡಿಗೆ ಪಥ ಹಾಸುವುದೇ ಅಭಿವೃದ್ಧಿ ಎನಿಸಿಕೊಂಡಿದೆ. ಮೊದಲು ಬಿಡಿಸಬೇಕಾದದ್ದು ಕಾಲುವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಕೆರೆಗಳು ತುಂಬಿವೆ, ಬತ್ತಿದ ಬಾವಿಗಳಲ್ಲಿ ನೀರು ಏರಿದೆ. ಅಲ್ಲಿಯ ಜನ ಕೇಳುತ್ತಿರುವ ಮೂರನೇ ಹಂತದ ಶುದ್ಧೀಕರಣ ನ್ಯಾಯವಾದದ್ದು. ಕುಡಿಯುವ ಬಾವಿಗೆ ಇಳಿಯುವ ನೀರಿನ ವಿಷಯದಲ್ಲಿ ಅರೆಬರೆ ಸಾಲದು.

ಉತ್ತರದ ಎರೆಭೂಮಿಯಲ್ಲಿ ತೇವ ನಿಲ್ಲುವುದೇ ಬಂಡವಾಳ. ಹಸ್ತದ ಮಳೆಯ ಹಸಿ ಕುಡಿದ ಮಣ್ಣಿನಲ್ಲಿ ಮಾಲ್ದಂಡಿ ಜೋಳ ಮತ್ತೆ ಮಳೆ ಕೇಳದೆ ತೆನೆಗೆ ಬರುತ್ತದೆ. ಸೆಪ್ಟೆಂಬರ್ ಕೊನೆಯ ಮಳೆ ವಿಪರೀತವಾದರೆ ಎರೆ ಕೆಸರಾಗಿ ಕೂರಿಗೆ ಇಳಿಯುವುದಿಲ್ಲ, ಬಿತ್ತನೆ ತಿಂಗಳು ಹಿಂದೆ ಬೀಳುತ್ತದೆ. 2009ರಲ್ಲಿ ಆದಂತೆ ಒಣಗಿದ ಮುಂಗಾರಿನ ಬೆನ್ನಿಗೇ ಜಲಪ್ರಳಯ ಬಂದರೆ ಮಣ್ಣೇ ತೊಳೆದುಹೋಗುತ್ತದೆ. ಹೀಗೆ ಕೊಚ್ಚಿದ ಮಣ್ಣು ಸೇರುವುದು ಜಲಾಶಯಕ್ಕೆ. 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಈಗ ಹಿಡಿಯುವುದು ಸುಮಾರು 105. ಬದು, ಒಡ್ಡು, ಹೊಲದ ತುದಿಯ ಹುಲ್ಲುಪಟ್ಟಿಯಂಥ ಸಣ್ಣ ಕೆಲಸಗಳ ಬೆಲೆ ಈ ಅಂಕಿಯಲ್ಲಿದೆ. ಕಲಬುರಗಿಯ ತೊಗರಿಗೆ 2022ರಲ್ಲಿ ನೆಟೆ ರೋಗ ತಗುಲಿ, ಹೂ–ಕಾಯಿ ಹೊತ್ತ ಗಿಡಗಳು ನಿಂತಲ್ಲೇ ಒಣಗಿದವು. ಒಂದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಹಾಕಿದಲ್ಲಿ ನೆಟೆ ಬೇರೂರುತ್ತದೆ; ಬೆಳೆ ಬದಲಾಯಿಸಲು ರೈತ ಒಪ್ಪಬೇಕಾದರೆ ಇನ್ನೊಂದು ಬೆಳೆಗೂ ಖರೀದಿ ಕೇಂದ್ರ ತೆರೆದಿರಬೇಕು.

ಬಿಸಿಲಿನ ಪ್ರಶ್ನೆ ಇಲ್ಲೇ ತೀವ್ರ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಳ್ಳೆಯ ಏರ್ಪಾಡು. ಇಟ್ಟಿಗೆ ಭಟ್ಟಿಯವರಿಗೆ, ಕಟ್ಟಡ ಕೆಲಸದವರಿಗೆ, ಮೆಣಸಿನಕಾಯಿ ಬಿಡಿಸುವ ಹೆಂಗಸರಿಗೆ ಆ ವೇಳಾಪಟ್ಟಿ ಇಲ್ಲ. ಕೂಲಿ ಕಡಿಯದೆ ನಡು ಮಧ್ಯಾಹ್ನದ ಬಿಡುವು, ಕೆಲಸದ ಜಾಗದಲ್ಲಿ ನೆರಳು ಮತ್ತು ನೀರು ಕೊಡಿಸುವುದು ಕಾರ್ಮಿಕ ಇಲಾಖೆಯ ಅಧಿಕಾರದಲ್ಲೇ ಇದೆ.

ಬೆಂಗಳೂರು ಈ ಎಲ್ಲದರ ಸಣ್ಣ ಪ್ರತಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದವು. 2024ರ ಮಾರ್ಚ್‌ನಲ್ಲಿ ಅದೇ ಬಡಾವಣೆಗಳು ಟ್ಯಾಂಕರಿಗೆ ಸಾಲು ನಿಂತವು. ಆ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ 775 ದಶಲಕ್ಷ ಲೀಟರ್ ನೀರು ದಿನಕ್ಕೆ ಬರತೊಡಗಿತು. ಆದರೆ ಕಾವೇರಿಯ ಮೂಲವೂ ಅದೇ ಕೊಡಗು, ಅದೇ ತಪ್ಪಿದ ಮಳೆ. 2009ರಿಂದ ಕಡ್ಡಾಯವಾಗಿರುವ ಮಳೆನೀರು ಸಂಗ್ರಹ ಚಾವಣಿಯಿಂದ ಸಂಪಿಗೆ ನಿಜವಾಗಿ ಇಳಿದರೆ ನೆರೆಯೂ ತಗ್ಗುತ್ತದೆ, ಬರವೂ ತಗ್ಗುತ್ತದೆ.

ಶಾಖದ ಮೂಲವನ್ನೇ ತಗ್ಗಿಸುವ ಕೆಲಸದಲ್ಲೂ ಕರ್ನಾಟಕಕ್ಕೆ ಪಾಲಿದೆ. ಪಾವಗಡದ ಸೌರ ಉದ್ಯಾನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ್ದು. ಜಮೀನು ಕಸಿಯದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆ ಹಿಡಿದದ್ದು ಒಳ್ಳೆಯ ಮಾದರಿ. ಜಮೀನಿಲ್ಲದ ಕೂಲಿಯವರಿಗೂ ಕುರಿಗಾಹಿಗಳಿಗೂ ಅದರಲ್ಲಿ ಪಾಲು ಸಿಗಲಿಲ್ಲ ಎನ್ನುವುದು ಕೊರತೆ. ಶರಾವತಿ ಕಣಿವೆಯಲ್ಲಿ ತಳಕಳಲೆ–ಗೇರುಸೊಪ್ಪ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯದು ಇನ್ನೂ ಕಠಿಣ ಪ್ರಶ್ನೆ. ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ವ್ಯವಸ್ಥೆ ಬೇಕು, ನಿಜ. ಸಿಂಗಳೀಕದ ಕಾಡನ್ನು, ಮಳೆ ಹಿಡಿಯುವ ಗುಡ್ಡವನ್ನು ಕೊರೆದು ಅದನ್ನು ಪಡೆಯುವುದು ಬೇರು ಕಡಿದು ಕೊಂಬೆಗೆ ನೀರೆರೆದಂತೆ.

ಊರೂರಿನ ಮಳೆ ಬೇರೆಯಾದ ಮೇಲೆ ಮಾಹಿತಿಯೂ ಊರೂರಿನದೇ ಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ನಡೆಸುತ್ತಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಅದರ ವರುಣ ಮಿತ್ರ ಸಹಾಯವಾಣಿಗೆ ರೈತರು ಫೋನ್ ಮಾಡಿ ನಾಳೆ ಔಷಧ ಹೊಡೆಯಬಹುದೇ ಎಂದು ಕೇಳುತ್ತಾರೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಈ ಮಾಪಕದಿಂದಲೇ. ವಿಮಾ ಮೊತ್ತದ ಶೇ 5ನ್ನು ರೈತ ಕಟ್ಟಿರುತ್ತಾನೆ. ಮಾಪಕದ ಬಾಯಿಗೆ ತರಗೆಲೆ ಸಿಕ್ಕಿದ್ದರೆ, ಪಕ್ಕದ ಮರದ ಕೊಂಬೆ ಬಾಗಿ ಮಳೆ ತಡೆದಿದ್ದರೆ, ಮೋಡದ ದಿನಗಳಲ್ಲಿ ಬ್ಯಾಟರಿ ಸತ್ತಿದ್ದರೆ ತೋಟದಲ್ಲಿ ಕೊಳೆತ ಅಡಿಕೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಪ್ರತಿ ಪಂಚಾಯಿತಿಯೂ ಮೇ ತಿಂಗಳಲ್ಲಿ ಒಬ್ಬರನ್ನು ನೇಮಿಸಿ ಮಾಪಕ ತೊಳೆಸಿ, ಸುತ್ತಲಿನ ಕೊಂಬೆ ಸವರಿ, ದಿನದ ಅಂಕಿಯನ್ನು ಕಚೇರಿಯ ಹಲಗೆಯ ಮೇಲೆ ಬರೆಸಬಹುದು. ಊರವರು ತಮ್ಮ ಅಂಗಳದ ಇಂಚು–ಸೆಂಟಿನ ಪುಸ್ತಕದೊಡನೆ ಅದನ್ನು ತಾಳೆ ನೋಡಿ, ತಪ್ಪಿದ್ದರೆ ಅದೇ ವಾರ ತಕರಾರು ಸಲ್ಲಿಸಬಹುದು.